ಚಾಸಿಯ ಪಯಣ: ಸೂಕ್ಷ್ಮ ಭಾಗಗಳ ರಕ್ಷಣೆ ಹಾಗೂ ನಷ್ಟದ ಹೊಣೆ

ಹೊಸೂರು ರಸ್ತೆಯಲ್ಲಾಗಲಿ ತುಮಕೂರು ರಸ್ತೆಯಲ್ಲಾಗಲಿ ಬೆಳಗಿನ ಹೊತ್ತು ಸಂಚರಿಸುವವರಿಗೆ ಈ ದೃಶ್ಯ ಅಪರಿಚಿತವಲ್ಲ. ಛಾವಣಿಯಿಲ್ಲದ, ಮುಂಗಾಜಿಲ್ಲದ, ಎಂಜಿನ್, ಚೌಕಟ್ಟು ಮತ್ತು ಚಕ್ರಗಳಷ್ಟೇ ಉಳ್ಳ ಬಸ್ ಚಾಸಿಯೊಂದು ವಾಹನಗಳ ನಡುವೆ ಸಾಗುತ್ತಿರುತ್ತದೆ. ಚಾಲಕನು ತಲೆಗೆ ಟವೆಲ್ ಸುತ್ತಿಕೊಂಡು ತಾತ್ಕಾಲಿಕ ಆಸನದ ಮೇಲೆ ಕುಳಿತಿರುತ್ತಾನೆ. ಕಾರ್ಖಾನೆಯಿಂದ ಅಥವಾ ಡೀಲರನ ಯಾರ್ಡಿನಿಂದ ಹೊರಟ ಆ ಚಾಸಿ ಬಾಡಿ ಕಟ್ಟುವವರ ಶೆಡ್ಡನ್ನು ತಲುಪಬೇಕಾಗಿದೆ. ಪಯಣ ಕೆಲವು ಗಂಟೆಗಳದು, ಹೆಚ್ಚೆಂದರೆ ಕೆಲವು ದಿನಗಳದು. ಆದರೆ ವಾಹನವು ತನ್ನ ಆಯುಷ್ಯದಲ್ಲೇ ಅತ್ಯಂತ ನಿರಾವರಣವಾಗಿರುವ ಅವಧಿ ಇದು. ಈ ಅವಧಿಯಲ್ಲಿ ಉಂಟಾದ ಹಾನಿಯು ಬಹುತೇಕ ಪ್ರಸಂಗಗಳಲ್ಲಿ ವಾರಗಳ ಅನಂತರವೇ ಬೆಳಕಿಗೆ ಬರುತ್ತದೆ. ಆ ವೇಳೆಗೆ ಅದನ್ನು ಯಾರು ಭರಿಸಬೇಕೆಂಬ ಪ್ರಶ್ನೆಗೆ ಕಾಗದದ ಮೇಲೆ ಉತ್ತರವೇ ಇರುವುದಿಲ್ಲ.

ಚಾಸಿಯನ್ನು ಒಬ್ಬರು ತಯಾರಿಸಿ ಬಾಡಿಯನ್ನು ಮತ್ತೊಬ್ಬರು ಕಟ್ಟುವ ಪದ್ಧತಿ ಕುದುರೆ ಗಾಡಿಗಳ ಕಾಲದಿಂದ ಬಂದದ್ದು. ‘ಕೋಚ್ ಬಿಲ್ಡರ್’ ಎಂಬ ಹೆಸರೇ ಇದಕ್ಕೆ ಸಾಕ್ಷಿ. 1840ರಲ್ಲಿ ಮದರಾಸಿನಲ್ಲಿ ಸ್ಥಾಪನೆಗೊಂಡ ಸಿಂಪ್ಸನ್ ಸಂಸ್ಥೆ ಆರಂಭದಲ್ಲಿ ಇಂಥ ಗಾಡಿಗಳನ್ನೇ ಕಟ್ಟುತ್ತಿತ್ತು. ಎರಡನೇ ಮಹಾಯುದ್ಧದವರೆಗೆ ಇಂಗ್ಲೆಂಡಿನ ರೋಲ್ಸ್ ರಾಯ್ಸ್ ಸಂಸ್ಥೆಯೂ ಪೂರ್ಣ ಕಾರನ್ನು ಮಾರುತ್ತಿರಲಿಲ್ಲ. ಚಾಸಿಯನ್ನು ಮಾತ್ರ ಮಾರುತ್ತಿತ್ತು. ಗ್ರಾಹಕನು ಹೂಪರ್, ಬಾರ್ಕರ್, ಪಾರ್ಕ್ ವಾರ್ಡ್ ಮುಂತಾದ ಸಂಸ್ಥೆಗಳಲ್ಲಿ ಬಾಡಿಯನ್ನು ಕಟ್ಟಿಸಿಕೊಳ್ಳುತ್ತಿದ್ದನು. ಕಾರ್ಖಾನೆಯಲ್ಲೇ ಬಾಡಿ ಕೂಡಿಸಿದ ಕಾರುಗಳು ಆ ಸಂಸ್ಥೆಯಿಂದ ಹೊರಬಂದದ್ದು 1946ರ ಬೆಂಟ್ಲಿ ಮಾರ್ಕ್ 6 ಮತ್ತು 1949ರ ಸಿಲ್ವರ್ ಡಾನ್ ಮಾದರಿಗಳ ಮೂಲಕ. ಕಾರುಗಳ ಲೋಕದಿಂದ ಬಹುಮಟ್ಟಿಗೆ ಮರೆಯಾದ ಈ ಪದ್ಧತಿ ಭಾರತದ ಬಸ್ ಉದ್ಯಮದಲ್ಲಿ ಇಂದಿಗೂ ಜೀವಂತವಾಗಿದೆ. ಬೆಂಗಳೂರಿನ ಶೆಡ್ಡುಗಳಿರಲಿ, ತಮಿಳುನಾಡಿನ ಕರೂರಿನ ಬಾಡಿ ಉದ್ಯಮವಿರಲಿ, ಅವುಗಳ ಬದುಕು ನಿಂತಿರುವುದು ಹೊರಗಿನಿಂದ ಬರುವ ಚಾಸಿಯ ಮೇಲೆ.

ಒಂದು ನಿದರ್ಶನ

ವಿಷಯ ಸ್ಪಷ್ಟವಾಗಲು ಒಂದು ಕಲ್ಪಿತ ಸನ್ನಿವೇಶವನ್ನು ತೆಗೆದುಕೊಳ್ಳಬಹುದು. ಈ ವೃತ್ತಿಯಲ್ಲಿರುವವರಿಗೆ ಅದು ಹೊಸದೆನಿಸದು. ದಾವಣಗೆರೆಯ ಬಸ್ ಮಾಲೀಕರೊಬ್ಬರು ಬೆಂಗಳೂರಿನ ಡೀಲರರಿಂದ ಚಾಸಿಯೊಂದನ್ನು ಖರೀದಿಸುತ್ತಾರೆ. ಡೀಲರರು ಗೊತ್ತುಮಾಡಿದ ಚಾಲಕನು ಅದನ್ನು ಮಳೆಗಾಲದ ಒಂದು ಸಂಜೆ ಪೀಣ್ಯದ ಶೆಡ್ಡಿಗೆ ತಂದು ನಿಲ್ಲಿಸುತ್ತಾನೆ. ಊರಿಗೆ ಹಿಂದಿರುಗುವ ಅವಸರ ಅವನಿಗಿದೆ. ಶೆಡ್ಡಿನ ಕಾವಲುಗಾರನು ‘ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ’ ಎಂಬ ಮೊಹರನ್ನು ಒತ್ತಿ ಸಹಿ ಮಾಡಿಕೊಡುತ್ತಾನೆ. ಎರಡು ತಿಂಗಳಲ್ಲಿ ಬಾಡಿ ಸಿದ್ಧವಾಗುತ್ತದೆ. ಬಸ್ಸನ್ನು ಹೊರತೆಗೆದ ದಿನ ಉಪಕರಣ ಫಲಕದಲ್ಲಿ ಎಚ್ಚರಿಕೆಯ ದೀಪ ಉರಿಯುತ್ತದೆ, ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಹೊಗೆಕೊಳವೆಯಲ್ಲಿರುವ ನೈಟ್ರೋಜನ್ ಆಕ್ಸೈಡ್ ಸೆನ್ಸರ್ ಹಾಳಾಗಿದೆ ಮತ್ತು ಒಂದು ಕನೆಕ್ಟರಿನಲ್ಲಿ ನೀರಿನ ಕಲೆ ಇದೆ ಎಂದು ತಂತ್ರಜ್ಞರು ತಿಳಿಸುತ್ತಾರೆ.

ಮಳೆಯಲ್ಲಿ ತಂದವನದು ತಪ್ಪೆಂದು ಬಾಡಿ ಬಿಲ್ಡರ್ ಹೇಳುತ್ತಾರೆ. ಶೆಡ್ಡಿನ ಮೊಹರನ್ನು ಡೀಲರರು ತೋರಿಸುತ್ತಾರೆ. ಹೊರಗಿನ ಕಾರಣದಿಂದಾದ ಹಾನಿಗೆ ವಾರಂಟಿ ಅನ್ವಯಿಸದೆಂದು ತಯಾರಕರ ಸೇವಾ ವಿಭಾಗ ಉತ್ತರಿಸುತ್ತದೆ. ಸಾಲದ ಕಂತು ಆರಂಭವಾಗಿದ್ದರೂ ಬಸ್ ರಸ್ತೆಗಿಳಿಯದೆ ನಿಂತಿರುವುದು ಮಾಲೀಕರದು. ಬಿಡಿಭಾಗ ಮತ್ತು ಕೂಲಿ ಸೇರಿ ಖರ್ಚು 60,000 ರೂಪಾಯಿ ಎಂದೂ, ಬಾಡಿ ಬಿಲ್ಡರಿಗೆ ಒಂದು ಬಸ್ಸಿನಲ್ಲಿ ಉಳಿಯುವುದು ಒಂದು ಲಕ್ಷ ರೂಪಾಯಿ ಎಂದೂ ಇಟ್ಟುಕೊಂಡರೆ, ಅಂಗೈ ಅಗಲದ ಒಂದು ವಸ್ತುವು ಎರಡು ತಿಂಗಳ ದುಡಿಮೆಯ ಅರ್ಧಕ್ಕಿಂತ ಹೆಚ್ಚನ್ನು ನುಂಗಿತೆಂದಾಯಿತು.

ಯಾವ ಭಾಗಗಳು ಸೂಕ್ಷ್ಮ?

ಹಿಂದಿನ ಚಾಸಿಗಳಲ್ಲಿ ರೇಡಿಯೇಟರ್, ದೀಪ ಮತ್ತು ಮೀಟರುಗಳನ್ನು ಕಾಪಾಡಿದರೆ ಬಹುಪಾಲು ಕೆಲಸ ಮುಗಿಯುತ್ತಿತ್ತು. ದೇಶದಾದ್ಯಂತ 2017ರ ಏಪ್ರಿಲಿನಿಂದ ಭಾರತ್ ಸ್ಟೇಜ್ 4 ಮತ್ತು 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ 6 ಮಾನದಂಡಗಳು ಜಾರಿಗೆ ಬಂದ ಮೇಲೆ ಪರಿಸ್ಥಿತಿ ಬದಲಾಗಿದೆ. ಎಂಜಿನ್ ನಿಯಂತ್ರಣ ಘಟಕ, ಹೊಗೆ ಶುದ್ಧೀಕರಣ ವ್ಯವಸ್ಥೆ, ಯೂರಿಯಾ ದ್ರಾವಣದ ತೊಟ್ಟಿ, ಪಂಪು ಮತ್ತು ನಳಿಕೆಗಳು, ಹತ್ತಾರು ಸೆನ್ಸರುಗಳು, ಅವನ್ನೆಲ್ಲ ಬೆಸೆಯುವ ವೈರಿಂಗ್ ಹಾರ್ನೆಸ್, ಇವುಗಳಲ್ಲಿ ಹಲವು ಬಾಡಿ ಬರುವವರೆಗೆ ಬಯಲಿಗೆ ಒಡ್ಡಿಕೊಂಡೇ ಇರುತ್ತವೆ.

ಇವುಗಳಲ್ಲಿ ಒಂದೊಂದರ ಶತ್ರು ಒಂದೊಂದು. ಹೊಗೆಕೊಳವೆಯ ಸೆನ್ಸರಿನೊಳಗೆ ಪಿಂಗಾಣಿಯಂಥ ಸೆರಾಮಿಕ್ ಭಾಗವಿರುತ್ತದೆ. ಗಟ್ಟಿ ಪೆಟ್ಟು ಬಿದ್ದರೆ ಅಥವಾ ಕಾದಿರುವಾಗ ತಣ್ಣೀರು ತಾಗಿದರೆ ಅದು ಬಿರುಕು ಬಿಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಯೂರಿಯಾ ದ್ರಾವಣದಲ್ಲಿ ಶೇಕಡಾ 32.5ರಷ್ಟು ಯೂರಿಯಾ ಇದ್ದು, ಸೋರಿದಲ್ಲಿ ಬಿಳಿಯ ಹರಳುಗಟ್ಟುತ್ತದೆ ಮತ್ತು ತಾಮ್ರದ ತಂತಿ, ಪಿನ್ನುಗಳನ್ನು ತಿನ್ನುತ್ತದೆ. ಬಾಡಿ ಕಟ್ಟುವಾಗ ಬಿಚ್ಚಲು ಅನುಕೂಲವಾಗಲೆಂದು ಸುರುಳಿ ಸುತ್ತಿ ಚೌಕಟ್ಟಿಗೆ ಕಟ್ಟಿರುವ ತಂತಿಗಳು, ಕಟ್ಟು ಸಡಿಲವಾದರೆ ಪ್ರೊಪೆಲ್ಲರ್ ಶಾಫ್ಟಿಗೋ ಬಿಸಿ ಹೊಗೆಕೊಳವೆಗೋ ತಾಗುತ್ತವೆ. ಗಾಳಿಯ ಬ್ರೇಕಿನ ನೈಲಾನ್ ಕೊಳವೆಗಳ ಮತ್ತು ಏರ್ ಸಸ್ಪೆನ್ಷನ್ನಿನ ರಬ್ಬರ್ ಬೆಲ್ಲೋಗಳ ಕಥೆಯೂ ಇದೇ. ಇನ್ನು ಗಾಳಿ ಒಳಸೇರುವ ಬಾಯಿಗೆ ಬಾಡಿಯ ಆಸರೆ ಇಲ್ಲದ ಕಾರಣ, ನೀರು ತುಂಬಿದ ಕೆಳಸೇತುವೆಯೊಳಗೆ ಚಾಸಿಯನ್ನು ಇಳಿಸಿದರೆ ಸಿಲಿಂಡರಿಗೆ ನೀರು ಹೊಕ್ಕು ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ. ಆಗ ಮಾತು ಸೆನ್ಸರಿನ ಬೆಲೆಯನ್ನು ಮೀರಿ ಎಂಜಿನ್ನಿನ ಬೆಲೆಗೆ ಹೋಗುತ್ತದೆ.

ಜೊತೆಗೆ ಬಿಡಿಯಾಗಿ ಬರುವ ಸಾಮಾನುಗಳ ಪೆಟ್ಟಿಗೆ. ಹೆಡ್‌ಲ್ಯಾಂಪು, ವೈಪರ್ ಮೋಟರು, ಕನ್ನಡಿ, ಹಾರ್ನು, ಜಾಕಿ, ಕೀಲಿಗಳು ಇದರಲ್ಲಿರುತ್ತವೆ. ಒಡೆಯುವುದಕ್ಕಿಂತ ಕಾಣೆಯಾಗುವುದೇ ಇವುಗಳ ವಿಷಯದಲ್ಲಿ ಹೆಚ್ಚಿನ ಭೀತಿ.

ರಕ್ಷಣೆಯ ಕ್ರಮಗಳು

ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಬಿಟ್ಟರೆ ಸಾಕೆಂಬುದು ತಪ್ಪು ತಿಳಿವಳಿಕೆ. ಬಿಗಿಯಾಗಿ ಸುತ್ತಿದ ಹಾಳೆಯೊಳಗೆ ತೇವ ಬೆವರಿನಂತೆ ನಿಂತು ಕನೆಕ್ಟರನ್ನು ಕೆಡಿಸುತ್ತದೆ. ಹೊಗೆಕೊಳವೆಯ ಸಮೀಪ ಅದೇ ಹಾಳೆ ಕರಗಿ ಅಂಟಿಕೊಳ್ಳುತ್ತದೆ. ಬಿಸಿಲಿನಲ್ಲಿ ದಿನಗಟ್ಟಲೆ ಉಳಿದ ಅಂಟುಪಟ್ಟಿ ಕಿತ್ತರೆ ಬಣ್ಣವೂ ಬರಬಹುದು. ತೆರೆದ ಕನೆಕ್ಟರುಗಳಿಗೆ ಆಯಾ ಅಳತೆಯ ಮುಚ್ಚಳ ಹಾಕಿ ಬಾಯಿ ಕೆಳಮುಖವಾಗಿರುವಂತೆ ಕಟ್ಟುವುದು, ಉಪಕರಣ ಫಲಕಕ್ಕೆ ಒಳಗೆ ಮೆತ್ತನೆಯ ಪದರವಿರುವ ಗಡಸು ಹೊದಿಕೆ ಹಾಕುವುದು, ನಿಯಂತ್ರಣ ಘಟಕಕ್ಕೆ ಮೇಲಿನಿಂದ ನೀರು ಬೀಳದಂತೆ ಕೆಳಗೆ ತೆರೆದಿರುವ ಮುಸುಕನ್ನು ತೊಡಿಸುವುದು, ಸಡಿಲ ತಂತಿಗಳನ್ನು ಒಂದೊಂದು ಅಡಿಗೆ ಚೌಕಟ್ಟಿಗೆ ಬಿಗಿಯುವುದು, ಇವು ಹೆಚ್ಚು ಖರ್ಚಿಲ್ಲದ ಕ್ರಮಗಳು. ಹೊದಿಕೆಗಳನ್ನು ಬಾಡಿ ಶೆಡ್ಡಿನಿಂದ ಹಿಂಪಡೆದು ಮತ್ತೆ ಬಳಸುವ ಏರ್ಪಾಡಾದರೆ ಖರ್ಚು ಇನ್ನೂ ತಗ್ಗುತ್ತದೆ. ಬಿಡಿ ಸಾಮಾನಿನ ಪೆಟ್ಟಿಗೆಗೆ ಕ್ರಮಸಂಖ್ಯೆಯುಳ್ಳ ಸೀಲು ಇರಬೇಕು. ಆ ಸಂಖ್ಯೆ ಚಲನ್ನಿನಲ್ಲೂ ನಮೂದಾಗಬೇಕು.

ಇಲ್ಲಿ ಚಾಲಕನ ಮಾತನ್ನೂ ಹೇಳಬೇಕಾಗುತ್ತದೆ. ಮಳೆಯಲ್ಲಿ ತೊಯ್ಯುತ್ತ ಕುಳಿತವನು ಫಲಕದ ಮೇಲೆ ಹೊದಿಸಿದ ಟಾರ್ಪಾಲನ್ನು ತನ್ನ ಹೆಗಲಿಗೆ ಎಳೆದುಕೊಂಡರೆ ಅವನನ್ನು ದೂರುವುದು ನ್ಯಾಯವಲ್ಲ. ಹೆಲ್ಮೆಟ್, ಕನ್ನಡಕ, ಮಳೆ ಅಂಗಿ ಮತ್ತು ಬೆಲ್ಟು ಇರುವ ಭದ್ರ ಆಸನ, ಇಷ್ಟು ಒದಗಿಸಿ, ಪಯಣಕ್ಕೆ ತಕ್ಕ ಸಮಯವನ್ನೂ ಕೊಟ್ಟರೆ ಉಪಕರಣಗಳೂ ಉಳಿಯುತ್ತವೆ. ತಲುಪಿಸಿದ ಚಾಸಿಗಳ ಲೆಕ್ಕದಲ್ಲೇ ಕೂಲಿ ಕೊಡುವ ಕಡೆ ವೇಗಕ್ಕೇ ಬಹುಮಾನ ದೊರೆತಂತಾಗುತ್ತದೆ ಎಂಬುದನ್ನು ಲೆಕ್ಕ ಬರೆಯುವವರಾದರೂ ಗಮನಿಸಬೇಕು.

ಒಪ್ಪಿಸುವ ಗಳಿಗೆ

ಹೊದಿಕೆ ಎಷ್ಟೇ ಉತ್ತಮವಾಗಿರಲಿ, ಒಪ್ಪಿಸುವ ಗಳಿಗೆಯ ದಾಖಲೆ ಸರಿಯಿಲ್ಲದಿದ್ದರೆ ಹಣದ ದೃಷ್ಟಿಯಿಂದ ರಕ್ಷಣೆ ಅಪೂರ್ಣ. ಮೇಲಿನ ನಿದರ್ಶನದಲ್ಲಿ ನಿಜವಾಗಿ ಒಡೆದುಹೋದದ್ದು ಸೆನ್ಸರಾದರೂ ವ್ಯಾಜ್ಯವನ್ನು ಹುಟ್ಟಿಸಿದ್ದು ಆ ರಬ್ಬರ್ ಮೊಹರು. ಪರೀಕ್ಷಿಸದೆ ‘ಸುಸ್ಥಿತಿಯಲ್ಲಿ’ ಎಂದು ಬರೆದುಕೊಡುವವನು ಹಿಂದಿನ ಎಲ್ಲರ ತಪ್ಪನ್ನೂ ತನ್ನ ಖಾತೆಗೆ ಬರೆದುಕೊಂಡಂತೆ.

ಚಾಸಿ ಬಂದೊಡನೆ ಚಾಲಕನ ಸಮ್ಮುಖದಲ್ಲಿ ಜಂಟಿ ಪರಿಶೀಲನೆ ನಡೆಯಬೇಕು. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಓಡಿದ ಕಿಲೋಮೀಟರ್, ಸೀಲಿನ ಸಂಖ್ಯೆ, ಬ್ಯಾಟರಿ ಮತ್ತು ಟೈರುಗಳ ಸಂಖ್ಯೆಗಳನ್ನು ಬರೆದು, ಸೂಕ್ಷ್ಮ ಭಾಗಗಳ ಛಾಯಾಚಿತ್ರ ತೆಗೆದು, ಇಬ್ಬರೂ ಸಹಿ ಮಾಡಬೇಕು. ಕತ್ತಲೆಯಲ್ಲಿ ಅಥವಾ ಮಳೆಯಲ್ಲಿ ಬಂದರೆ ‘ಪರಿಶೀಲನೆಗೆ ಒಳಪಟ್ಟು ಸ್ವೀಕೃತ’ ಎಂದು ಬರೆದು ಮರುದಿನ ಬೆಳಿಗ್ಗೆ ಪರಿಶೀಲಿಸಿ ಲಿಖಿತವಾಗಿ ತಿಳಿಸಬಹುದು.

ಎಲ್ಲಕ್ಕಿಂತ ಅಗ್ಗದ ಸಾಕ್ಷ್ಯ ಇನ್ನೊಂದಿದೆ. ಭಾರತ್ ಸ್ಟೇಜ್ 6 ವಾಹನದ ನಿಯಂತ್ರಣ ಘಟಕವು ತನ್ನ ದೋಷಗಳನ್ನು ಸಂಕೇತರೂಪದಲ್ಲಿ ತಾನೇ ದಾಖಲಿಸಿಕೊಳ್ಳುತ್ತದೆ. ಡೀಲರರ ಯಾರ್ಡಿನಿಂದ ಹೊರಡುವಾಗ ಒಮ್ಮೆ, ಶೆಡ್ಡಿಗೆ ಬಂದಾಗ ಒಮ್ಮೆ, ಬಸ್ ಹೊರಡುವಾಗ ಮತ್ತೊಮ್ಮೆ ಆ ಸಂಕೇತಗಳನ್ನು ಓದಿ ಮುದ್ರಿಸಿ ಕಡತಕ್ಕೆ ಸೇರಿಸಿದರೆ, ದೋಷವು ಯಾರ ವಶದಲ್ಲಿದ್ದಾಗ ಹುಟ್ಟಿತೆಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಪೀಣ್ಯದ ಆ ಶೆಡ್ಡಿನಲ್ಲಿ ಈ ಮೂರು ಹಾಳೆಗಳಿದ್ದಿದ್ದರೆ ಯಾರೂ ಯಾರನ್ನೂ ದೂರಬೇಕಾಗಿರಲಿಲ್ಲ. ಓದುವ ಸಾಧನ ಸಣ್ಣ ಶೆಡ್ಡುಗಳಲ್ಲಿ ಇಲ್ಲದಿದ್ದರೆ ಡೀಲರರ ಸೇವಾ ಸಿಬ್ಬಂದಿಯನ್ನು ಕರೆಸುವ ಷರತ್ತನ್ನು ಕರಾರಿನಲ್ಲೇ ಸೇರಿಸಬಹುದು. ಛಾಯಾಚಿತ್ರ ಹಾಗೂ ಇಂಥ ವಿದ್ಯುನ್ಮಾನ ದಾಖಲೆಗಳನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆಂಬುದನ್ನು ಮರೆಯಬಾರದು.

ನಷ್ಟ ಯಾರದು?

ಸರಕು ಮಾರಾಟ ಅಧಿನಿಯಮ, 1930ರ 26ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಸರಕಿನ ಒಡೆತನ ಯಾರದೋ ನಷ್ಟದ ಅಪಾಯವೂ ಅವರದೇ. ಆದ್ದರಿಂದ ಬಿಲ್ಲಿನಲ್ಲಿ ‘ಯಾರ್ಡಿನಲ್ಲಿ ವಿತರಣೆ’ ಎಂದಿದೆಯೋ ‘ಬಾಡಿ ಶೆಡ್ಡಿನಲ್ಲಿ ವಿತರಣೆ’ ಎಂದಿದೆಯೋ ಎಂಬ ಒಂದು ಸಾಲಿನ ಮೇಲೆ ಸಾವಿರಾರು ರೂಪಾಯಿಗಳು ನಿಂತಿರುತ್ತವೆ. ವಿತರಣೆಯನ್ನು ಯಾವುದೇ ಪಕ್ಷದ ತಪ್ಪಿನಿಂದ ತಡಮಾಡಿದ್ದರೆ, ಆ ತಡದಿಂದ ಸಂಭವಿಸಬಹುದಾದ ನಷ್ಟ ತಪ್ಪಿತಸ್ಥ ಪಕ್ಷದ್ದು ಎಂದೂ ಅದೇ ಕಲಮು ಹೇಳುತ್ತದೆ. ಸಾಗಣೆಯನ್ನು ಮಾರಾಟಗಾರನೇ ಗೊತ್ತುಮಾಡಿದಾಗ, ಸರಕಿನ ಸ್ವರೂಪಕ್ಕೆ ತಕ್ಕ ಸಮಂಜಸ ಕರಾರನ್ನು ಖರೀದಿದಾರನ ಪರವಾಗಿ ಮಾಡಿಕೊಳ್ಳುವ ಹೊಣೆ 39ನೇ ಕಲಮಿನಂತೆ ಅವನ ಮೇಲಿದೆ. ದಾವಣಗೆರೆಯ ಮಾಲೀಕರು ಡೀಲರರನ್ನು ಪ್ರಶ್ನಿಸಲು ಈ ಕಲಮು ಒಂದು ದಾರಿ.

ಚಾಸಿ ಶೆಡ್ಡಿನೊಳಗೆ ಬಂದ ಮೇಲೆ ಮತ್ತೊಂದು ಕಾಯಿದೆ ಅನ್ವಯಿಸುತ್ತದೆ. ಒಂದು ಉದ್ದೇಶಕ್ಕಾಗಿ ವಸ್ತುವನ್ನು ಒಪ್ಪಿಸಿ, ಉದ್ದೇಶ ತೀರಿದ ಮೇಲೆ ಹಿಂಪಡೆಯುವ ವ್ಯವಹಾರವನ್ನು ವಕೀಲರು ಬೇಲ್‌ಮೆಂಟ್ ಎನ್ನುತ್ತಾರೆ. ಭಾರತೀಯ ಕರಾರು ಅಧಿನಿಯಮ, 1872ರ 151ನೇ ಕಲಮಿನಂತೆ, ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರವನ್ನು ಬಾಡಿ ಬಿಲ್ಡರ್ ವಹಿಸಬೇಕು. ವಹಿಸಿದ್ದರೆ, ವಿಶೇಷ ಕರಾರಿಲ್ಲದ ಹೊರತು, 152ನೇ ಕಲಮಿನ ಪ್ರಕಾರ ಅವರು ಹೊಣೆಗಾರರಲ್ಲ. ಆದರೆ ಎಚ್ಚರ ವಹಿಸಿದ್ದೆನೆಂದು ತೋರಿಸಿಕೊಡುವ ಭಾರ ವಸ್ತುವನ್ನು ವಶದಲ್ಲಿಟ್ಟುಕೊಂಡವರದೇ ಆಗಿರುವುದರಿಂದ ಮತ್ತೆ ಮಾತು ಕಾಗದಕ್ಕೇ ಬರುತ್ತದೆ.

ಚಾಸಿಯನ್ನು ಟ್ರೇಲರ್ ಮೇಲೆ ಹೇರಿ ಕಳುಹಿಸಿದಾಗ ರಸ್ತೆ ಸಾಗಣೆ ಅಧಿನಿಯಮ, 2007 ಅನ್ವಯಿಸುತ್ತದೆ. ಅದರಲ್ಲಿ ಎರಡು ಅಂಶಗಳು ಮುಖ್ಯ. ಹೆಚ್ಚಿನ ಅಪಾಯದ ದರವನ್ನು ಒಪ್ಪಿ ಬರೆಸದಿದ್ದರೆ ಸಾಗಣೆದಾರನ ಹೊಣೆ 2011ರ ನಿಯಮಗಳಂತೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ದಾವೆ ಹೂಡುವ ಮೊದಲು, ಸರಕನ್ನು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ನೀಡಿರಬೇಕು. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತು ಕೊನೆಯಲ್ಲಿ ದೋಷ ಕಂಡುಬಂದ ಚಾಸಿಗೆ ಈ ಗಡುವು ದಾಟಿಹೋಗಿರುವ ಸಾಧ್ಯತೆ ಇದೆ. ಚಾಸಿ ತನ್ನ ಚಕ್ರಗಳ ಮೇಲೆಯೇ ಓಡಿ ಬಂದಾಗ ಚಾಲಕನನ್ನು ಒದಗಿಸಿದವರನ್ನು ಸಾಗಣೆದಾರರೆನ್ನಬಹುದೇ ಎಂಬುದು ವಾದಕ್ಕೆ ಎಡೆಯಾಗುವ ವಿಷಯವಾದ್ದರಿಂದ, ಹೊಣೆಯನ್ನು ಪ್ರತ್ಯೇಕ ಕರಾರಿನಲ್ಲಿ ಬರೆಸಿಕೊಳ್ಳುವುದು ಕ್ಷೇಮ.

ವಿಮೆಯ ಮಿತಿಗಳು

ವಿಮೆ ಇದೆಯೆಂಬ ಧೈರ್ಯದಲ್ಲಿ ಹೊದಿಕೆಯನ್ನು ಅಲಕ್ಷಿಸುವವರಿದ್ದಾರೆ. ಒಳನಾಡು ಸಾಗಣೆ ವಿಮೆಯಲ್ಲಿ ‘ಎ’ ಕಲಮುಗಳ ಪಾಲಿಸಿಯು ಸರ್ವ ಅಪಾಯಗಳನ್ನು ಒಳಗೊಳ್ಳುತ್ತದೆಯೆಂದು ಹೇಳಿದರೂ, ಅಸಮರ್ಪಕ ಪ್ಯಾಕಿಂಗಿನಿಂದಾದ ಹಾನಿಯನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ‘ಬಿ’ ಕಲಮುಗಳ ಪಾಲಿಸಿ ಬೆಂಕಿ, ಸಿಡಿಲು, ಡಿಕ್ಕಿ, ಮಗುಚುವಿಕೆ ಮುಂತಾದ ಹೆಸರಿಸಿದ ಅಪಾಯಗಳಿಗಷ್ಟೇ. ಮೋಟಾರು ಪಾಲಿಸಿಯು ಯಾಂತ್ರಿಕ ಅಥವಾ ವಿದ್ಯುತ್ ವೈಫಲ್ಯವನ್ನು ಭರಿಸುವುದಿಲ್ಲ. ಅಪಘಾತವೇ ಇಲ್ಲದೆ ಕೆಟ್ಟ ಸೆನ್ಸರಿಗೆ ಅಲ್ಲಿ ಜಾಗವಿಲ್ಲ. ಸಾಗಣೆ ವಿಮೆ ಗಮ್ಯವನ್ನು ತಲುಪಿದ ಮೇಲೆ ಕೆಲವೇ ದಿನಗಳಲ್ಲಿ ಕೊನೆಗೊಳ್ಳುವುದರಿಂದ ಶೆಡ್ಡಿನಲ್ಲಿ ನಿಂತ ಪರರ ಚಾಸಿಗಳಿಗೆ ಬಾಡಿ ಬಿಲ್ಡರ್ ತಮ್ಮ ಬೆಂಕಿ ಮತ್ತು ಕಳವು ವಿಮೆಯಲ್ಲಿ ಪ್ರತ್ಯೇಕವಾಗಿ ಅವಕಾಶ ಮಾಡಿಕೊಳ್ಳಬೇಕು. ‘ನಂಬಿಕೆಯ ಮೇಲೆ ಇರಿಸಿಕೊಂಡ ಸರಕು’ ಎಂಬ ಪದಗಳು ಪಾಲಿಸಿಯಲ್ಲಿ ಇವೆಯೇ ಎಂದು ನೋಡಿಕೊಳ್ಳಬೇಕು. ಹಾನಿ ಕಂಡಾಗ ಸರ್ವೇಯರ್ ನೋಡುವ ಮೊದಲೇ ಭಾಗವನ್ನು ಬಿಚ್ಚಿಹಾಕುವುದು ಕ್ಲೇಮನ್ನು ದುರ್ಬಲಗೊಳಿಸುತ್ತದೆ.

ತೆರಿಗೆ ಮತ್ತು ಲೆಕ್ಕಪತ್ರ

ಗ್ರಾಹಕನ ಚಾಸಿಯ ಮೇಲೆ ಬಾಡಿ ಕಟ್ಟಿ ತಯಾರಿಕಾ ಶುಲ್ಕ ಪಡೆಯುವುದು ಸೇವೆಯೆಂದೂ, ಅದಕ್ಕೆ ಶೇಕಡಾ 18ರ ಜಿಎಸ್‌ಟಿ ಎಂದೂ 2018ರ ಆಗಸ್ಟ್ 9ರ ಸುತ್ತೋಲೆ ಸ್ಪಷ್ಟಪಡಿಸಿತು. ಸ್ವಂತ ಚಾಸಿಯ ಮೇಲೆ ಕಟ್ಟಿ ಬಸ್ಸನ್ನೇ ಮಾರಿದರೆ ಅದು ಬಸ್ಸಿನ ಪೂರೈಕೆ. ಆಗ ಶೇಕಡಾ 28 ಇದ್ದ ಆ ದರ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ಕ್ಕೆ ಇಳಿದಿದೆ. ದರ ಒಂದೇ ಆದರೂ ಹೊಣೆಯ ದೃಷ್ಟಿಯಿಂದ ಭೇದ ಉಳಿದಿದೆ. ಮೊದಲನೆಯದರಲ್ಲಿ ಚಾಸಿ ಪರರದು.

ನಷ್ಟವಾದಾಗ ತೆರಿಗೆಯ ಪರಿಣಾಮವೂ ಉಂಟು. ಕೇಂದ್ರ ಜಿಎಸ್‌ಟಿ ಅಧಿನಿಯಮದ 17(5)ನೇ ಕಲಮಿನ ‘ಎಚ್’ ಖಂಡದಂತೆ ಕಳೆದುಹೋದ, ಕಳವಾದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ಲಭ್ಯವಿಲ್ಲ. ಡೀಲರರ ದಾಸ್ತಾನಿನಲ್ಲಿ ಒಡೆದು ಬಿಸಾಡಿದ ಭಾಗಕ್ಕೆ ಪಡೆದ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ವಿಮಾ ಕ್ಲೇಮನ್ನು ತೆರಿಗೆ ಬಿಟ್ಟು ಸಲ್ಲಿಸಿದವರಿಗೆ ಈ ಮೊತ್ತ ಕೈಯಿಂದಲೇ ಹೋಗುತ್ತದೆ.

ಪರರ ಚಾಸಿಗಳಿಗೆ ಬಾಡಿ ಬಿಲ್ಡರ್ ಬೇರೆಯೇ ದಾಸ್ತಾನು ವಹಿಯನ್ನು ಇಡಬೇಕು. ಬ್ಯಾಂಕಿಗೆ ಸಲ್ಲಿಸುವ ಮಾಸಿಕ ದಾಸ್ತಾನು ಪಟ್ಟಿಯಲ್ಲಿ ಅವುಗಳ ಬೆಲೆಯನ್ನು ಸೇರಿಸಿ ಸಾಲದ ಮಿತಿಯನ್ನು ಹಿಗ್ಗಿಸಿಕೊಳ್ಳುವುದು ಗಂಭೀರ ತಪ್ಪು. ಕಲಮು 170ರಂತೆ ತಮ್ಮ ಕೆಲಸದ ಹಣ ಬರುವವರೆಗೆ ಚಾಸಿಯನ್ನು ತಡೆದಿಟ್ಟುಕೊಳ್ಳುವ ಹಕ್ಕು ಅವರಿಗಿದೆ, ಆದರೆ ಒಡೆತನವಿಲ್ಲ.

ಶೆಡ್ಡಿನೊಳಗೆ

ಪಯಣ ಮುಗಿದರೂ ಅಪಾಯ ಮುಗಿಯದು. ವೆಲ್ಡಿಂಗ್ ಆರಂಭಿಸುವ ಮೊದಲು ಬ್ಯಾಟರಿಯ ತಂತಿಗಳನ್ನು ಕಳಚಿ, ತಯಾರಕರ ಕೈಪಿಡಿಯಂತೆ ನಿಯಂತ್ರಣ ಘಟಕಗಳ ಕನೆಕ್ಟರುಗಳನ್ನೂ ಬಿಡಿಸಿ, ಅರ್ಥ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಹತ್ತಿರವೇ ಹಾಕಬೇಕು. ದೂರದ ಚಕ್ರಕ್ಕೋ ಪ್ರೊಪೆಲ್ಲರ್ ಶಾಫ್ಟಿಗೋ ಸಿಕ್ಕಿಸಿದರೆ ವಿದ್ಯುತ್ ಬೇರಿಂಗ್ ಮತ್ತು ಸೆನ್ಸರುಗಳ ಮೂಲಕ ಹಾಯುತ್ತದೆ. ಕಿಡಿಗಳಿಂದ ನೈಲಾನ್ ಕೊಳವೆಗಳನ್ನು ಕಾಪಾಡಲು ಬೆಂಕಿ ತಡೆಯುವ ಹೊದಿಕೆ ಬೇಕು. ಒದ್ದೆ ಗೋಣಿ ಸಾಲದು. ವಾರಗಟ್ಟಲೆ ನಿಂತ ಚಾಸಿಯ ವೈರಿಂಗನ್ನು ಇಲಿಗಳು ಕಡಿಯುವುದು ಈ ಉದ್ಯಮದ ಹಳೆಯ ಸಂಕಟ. ಕಾರ್ಮಿಕರು ಊಟದ ಬುತ್ತಿಯನ್ನು ಚಾಸಿಯ ಮೇಲಿಡದಂತೆ ನೋಡಿಕೊಂಡರೆ ಅರ್ಧ ಸಂಕಟ ತಪ್ಪುತ್ತದೆ.

ಬಸ್ ಸಿದ್ಧವಾದ ದಿನ, ಬಂದಾಗ ಬರೆದ ಪರಿಶೀಲನಾ ಪಟ್ಟಿಯನ್ನೇ ಹಿಂದುಮುಂದಾಗಿ ಓದಿ ಮಾಲೀಕರಿಗೆ ಒಪ್ಪಿಸಬೇಕು. ಬಿಡಿ ಸಾಮಾನಿನ ಪೆಟ್ಟಿಗೆಯಲ್ಲಿ ಉಳಿದದ್ದು, ಬಾಡಿಗೆ ಜೋಡಿಸಿದ್ದು, ಬಳಸದೆ ಹಿಂದಿರುಗಿಸಿದ್ದು, ಇವನ್ನು ಪ್ರತ್ಯೇಕವಾಗಿ ನಮೂದಿಸಿ ಮೂರನೆಯ ಸಂಕೇತ ಮುದ್ರಣವನ್ನು ಲಗತ್ತಿಸಿದ ಮೇಲೆಯೇ ಕೀಲಿಯನ್ನು ಕೊಡತಕ್ಕದ್ದು.